ಸಹಾಯ ಬೇಕು: ಕ್ಲೇ ಕೋರ್ಟ್‌ಗೆ ಸುಣ್ಣಕಲ್ಲಿನ ಪುಡಿ

ಫ್ರೆಂಚ್ ಓಪನ್ ಟೆನಿಸ್ ನಡೆಯುವ ರೋಲ್ಯಾಂಡ್ ಗ್ಯಾರೋಸ್ ಮಾದರಿಯಲ್ಲಿ ಒಂದು ಅಭ್ಯಾಸದ ಕೋರ್ಟ್ ಹಾಕುತ್ತಿದ್ದೇವೆ, ಬಲ್ಲವರು ದಯವಿಟ್ಟು ತಿಳಿಸಿ. ಪ್ಯಾರಿಸ್‌ನ ಆ ಕೋರ್ಟ್‌ಗಳಲ್ಲಿ ಕಣ್ಣಿಗೆ ಕಾಣುವ ಕೆಂಪು ಇಟ್ಟಿಗೆ ಪುಡಿ ಬರೀ 1–2 ಮಿ.ಮೀ. ನಿಜವಾದ ಆಧಾರ ಅದರಡಿಯ 6–7 ಸೆಂ.ಮೀ. ಬಿಳಿ ಸುಣ್ಣಕಲ್ಲಿನ ಪುಡಿ. ಕೆಳಗೆ ಕಲ್ಲಿದ್ದಲ ಕಿಟ್ಟ (ಉರಿದು ಉಳಿದ ಗಟ್ಟಿ ಚೂರು), ಜಲ್ಲಿ, ದಪ್ಪ ಕಲ್ಲು. ಸುಣ್ಣಕಲ್ಲು ತೇವ ಹಿಡಿದಿಡಬೇಕು. ಒಣಗಿದರೆ ಬಿರುಕು ಬಿಟ್ಟು ಇಟ್ಟಿಗೆ ಪುಡಿ ಗಾಳಿಗೆ ಹಾರುತ್ತದೆ, ಚೆಂಡು ಅಡ್ಡಾದಿಡ್ಡಿ ಪುಟಿಯುತ್ತದೆ. ಸುಣ್ಣಕಲ್ಲಿನ ಪುಡಿ ತೀರಾ ನುಣ್ಣಗಾದರೆ ನೀರು ಇಳಿಯದೆ ಕೆಸರಾಗುತ್ತದೆ.

ಕಲಬುರಗಿ ಕಡೆಯ ಶಹಾಬಾದ್ ಕಲ್ಲನ್ನು ಪುಡಿ ಮಾಡಿಸಿ, ಹಾಸಿ, ರೋಲರ್ ಓಡಿಸಿದವರು ಯಾರಾದರೂ ಇದ್ದೀರಾ? ಯಾವ ಜರಡಿ ಹಿಡಿದಿರಿ? ಕಿಟ್ಟದ ಬದಲು ರಾಯಚೂರು ಉಷ್ಣ ವಿದ್ಯುತ್ ಸ್ಥಾವರದ ಬಾಟಮ್ ಆ್ಯಶ್ (ಕುಲುಮೆಯ ತಳದಲ್ಲಿ ಉಳಿಯುವ ಒರಟು ಬೂದಿ) ನಡೆಯುತ್ತದೆಯೇ? ಫ್ಲೈ ಆ್ಯಶ್ (ಹೊಗೆಯೊಂದಿಗೆ ಹೋಗುವ ನುಣ್ಣನೆ ಬೂದಿ) ಹೇಳಬೇಡಿ, ಅದು ನೀರಿನ ದಾರಿಯನ್ನೇ ಮುಚ್ಚುತ್ತದೆ. ಏಪ್ರಿಲ್ ಬಿಸಿಲಿಗೆ ದಿನಕ್ಕೆ ಎಷ್ಟು ಸಲ ನೀರು ಚಿಮುಕಿಸಬೇಕು ಎಂಬುದನ್ನೂ ತಿಳಿಸಿ.