ಅಪ್‌ಡೇಟ್: ಒತ್ತಕ್ಷರಕ್ಕೆ ತಡವರಿಸುವ ಮೂರನೇ ಇಯತ್ತೆ ಮಗಳ ಓದು

ಅಕ್ಷರ ಎಲ್ಲ ಬಂದರೂ ಒಂದೊಂದೇ ಕೂಡಿಸಿ ಓದುವ ಮಗಳಿಗೆ ಮನೆಯಲ್ಲಿ ಏನು ಮಾಡಬೇಕು ಅಂತ ಧಾರವಾಡದಿಂದ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಶರಣರಿ. ಉಪಯೋಗಕ್ಕೆ ಬಂದದ್ದು ಇಷ್ಟು.

ತೊಡಕು ಇರುವುದು ಒತ್ತಕ್ಷರದಲ್ಲೇ. ‘ಶಕ್ತಿ’ಯಲ್ಲಿ ಗುಡಿಸು ಕಾಣುವುದು ಕ ಮೇಲೆ, ಉಚ್ಚಾರ ಮಾತ್ರ ತ ಆದಮೇಲೆ, ಅದಕ್ಕೇ ಮಕ್ಕಳು ‘ಶಕಿತ’ ಅನ್ನುತ್ತಾರೆ. ‘ಸೂರ್ಯ’ದ ಅರ್ಕಾವೊತ್ತು ಬರೆಯುವುದು ಯ ಆದಮೇಲೆ, ಓದುವುದು ಮೊದಲು. ಚೀಟಿಯ ಒಂದು ಬದಿಗೆ ಶಕ್-ತಿ, ಸೂರ್-ಯ ಅಂತ ಒಡೆದು ಬರೆಯಿರಿ, ಇನ್ನೊಂದು ಬದಿಗೆ ಇಡೀ ಪದ. ದಿನಕ್ಕೆ ಐದೇ ಸಾಕು. ಬಸ್ಸಿನ ಬೋರ್ಡೂ ಆದೀತು: ಮೊದಲು ಹುಬ್ಬಳ್ಳಿ, ಲಕ್ಷ್ಮೇಶ್ವರ ಕಡೀಗಿರಲಿ.

ಆಮೇಲೆ ಪಾಠದ 50-60 ಪದಗಳ ಒಂದೇ ಭಾಗ ಓದುವುದು: ನೀವು ಒಮ್ಮೆ, ಇಬ್ಬರೂ ಕೂಡಿ ಒಮ್ಮೆ, ಮಗು ತಾನೊಂದೇ ಎರಡು ಸಲ. ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಿದರೆ ಆ ಪಾಠ ಕಠಿಣ, ಬದಲಿಸಿ. ತಡವರಿಸಿದಾಗ 4-5 ಸೆಕೆಂಡು ಕಾಯ್ದು ಪದ ಹೇಳಿಬಿಡಿ. ‘ಲಗೂ ಓದು’ ಅನ್ನಲೇಬೇಡಿ, ಊಹಿಸಿ ಓದುವ ಚಟ ಬೀಳುತ್ತದೆ. ಬಾಯಿಪಾಠ ಆಗಿದೆಯೋ ಏನೋ ತಿಳಿಯಲು ಅದೇ ಪದಗಳಿಂದ ಹೊಸ ವಾಕ್ಯ ಬರೆದು ಕೊಡಿ.

ಸದ್ಯ ಸಜಾತಿ ಒತ್ತು (‘ಹುಬ್ಬಳ್ಳಿ’ಯಲ್ಲಿರುವಂತೆ ಅದೇ ಅಕ್ಷರದ ಒತ್ತು) ಸರಾಗವಾಗಿದೆ. ‘ಸ್ತ್ರೀ’ಯಂಥ ಮೂರು ವ್ಯಂಜನದ ಪದಗಳು ಇನ್ನೂ ನಿಂತು ನಿಂತೇ ಬರುತ್ತವೆ.