ಪದಚರ್ಚೆ: ‘ಶೋಧಕ’ ಅಂದರೆ ಯಾವುದು, ಗುರಿ ಹಿಡಿಯುವುದೋ ಬೆಳಕು ಸೋಸುವುದೋ?

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯೊಂದಕ್ಕೆ ಕೊಳ್ಳಲಿರುವ ದೂರದರ್ಶಕಕ್ಕಾಗಿ ಎರಡು ಕನ್ನಡ ಹಾಳೆಗಳು ಸಿದ್ಧವಾಗಬೇಕಿವೆ. ಒಂದು ಬಿಡಿಭಾಗಗಳ ಖರೀದಿ ಪಟ್ಟಿ, ಇನ್ನೊಂದು ಮಕ್ಕಳ ಕೈಗೆ ಕೊಡುವ ಬಳಕೆಯ ಸೂಚನೆ. ಉಪಕರಣ ನ್ಯೂಟನ್ ಮಾದರಿಯದು, ಅಂದರೆ ಮಸೂರದ ಬದಲು ಕನ್ನಡಿಯಿಂದ ಬೆಳಕು ಕೂಡಿಸುವಂಥದ್ದು: ಕನ್ನಡಿ 130 ಮಿ.ಮೀ., ಸಂಗಮದೂರ (ಫೋಕಲ್ ಲೆಂತ್) 650 ಮಿ.ಮೀ., ಧ್ರುವದ ಕಡೆ ಓರೆಯಾಗಿ ನಿಲ್ಲಿಸುವ ಈಕ್ವಟೋರಿಯಲ್ ಸ್ಟ್ಯಾಂಡು. ಸೂಚನೆಯ ಕರಡಿನಲ್ಲಿ ಈ ವಾಕ್ಯವಿದೆ:

“ಸೂರ್ಯನತ್ತ ತಿರುಗಿಸುವ ಮುನ್ನ ಶೋಧಕವನ್ನು ತೆಗೆದಿಡಿ.”

ಇಲ್ಲಿ ಶೋಧಕ ಎಂದರೆ ಫೈಂಡರ್, ಅಂದರೆ ಕೊಳವೆಯ ಮೇಲೆ ಕೂರುವ ಗುರಿ ಹಿಡಿಯುವ ಸಾಧನ. ಆದರೆ ರಸಾಯನಶಾಸ್ತ್ರದ ಪಾಠದಲ್ಲಿ ‘ಶೋಧಕ ಕಾಗದ’ ಎಂದರೆ ಫಿಲ್ಟರ್ ಪೇಪರ್. ಸಾಲದ್ದಕ್ಕೆ ಖರೀದಿ ಪಟ್ಟಿಯಲ್ಲಿ ‘ಸೌರ ಶೋಧಕ – 1’ ಅಂತಲೂ ಬರೆದಾಗಿದೆ, ಅದು ಸೋಲಾರ್ ಫಿಲ್ಟರ್. ಎರಡೂ ಹಾಳೆ ಓದಿದ ಮಗು ಯಾವುದನ್ನು ತೆಗೆದಿಟ್ಟೀತು?

ಜೊತೆಗೆ ಐಪೀಸ್ (ಕಣ್ಣಿಟ್ಟು ನೋಡುವ ಬಿಡಿಭಾಗ), ಅಪರ್ಚರ್ (ಬೆಳಕು ಒಳಬರುವ ಅಗಲ), ಕಾಲಿಮೇಷನ್ (ಕನ್ನಡಿಗಳನ್ನು ಒಂದೇ ನೇರಕ್ಕೆ ತರುವುದು) ಈ ಮೂರಕ್ಕೆ ಬಳಕೆಯಲ್ಲಿ ಯಾವ ಕನ್ನಡ ನಿಲ್ಲುತ್ತದೆ, ದಯವಿಟ್ಟು ತಿಳಿಸಿ. ಪಠ್ಯಪುಸ್ತಕದ ಪದಗಳು ಗೊತ್ತಿವೆ. ಅಂಗಡಿಗೆ ಪಟ್ಟಿ ಕಳಿಸಿದಾಗ ಸರಿಯಾದ ಸಾಮಾನೇ ಬರಬೇಕು, ಕಷ್ಟ ಅದು.

* * *

ಈ ವಾಕ್ಯ ಇವತ್ತೇ ಬದಲಾಗಲಿ, ಮಿಕ್ಕ ಪದಗಳು ಕಾಯಬಹುದು.

‘ಶೋಧಿಸು’ ಕ್ರಿಯಾಪದಕ್ಕೆ ಕನ್ನಡದಲ್ಲಿ ಎರಡೂ ಅರ್ಥ ಸಹಜವಾಗಿವೆ. ಮನೆಯಲ್ಲಿ ಹಾಲು, ಕಷಾಯ ಶೋಧಿಸುತ್ತೇವೆ. ಪೊಲೀಸರು ಮನೆ ಶೋಧಿಸುತ್ತಾರೆ. ಶುದ್ಧಿ ಮಾಡುವುದು ಮೂಲಾರ್ಥ. ಕಸ ತೆಗೆಯುವುದರಿಂದ ಸೋಸುವುದಕ್ಕೂ, ಅಲ್ಲಿಂದ ಜಾಲಾಡಿ ಹುಡುಕುವುದಕ್ಕೂ ಅರ್ಥ ಹರಡಿದೆ. ಹಾಗಾಗಿ ಶೋಧಕವನ್ನು ಫೈಂಡರ್ ಎಂದವರೂ ತಪ್ಪಲ್ಲ, ಫಿಲ್ಟರ್ ಎಂದವರೂ ತಪ್ಪಲ್ಲ. ಒಂದೇ ಡಬ್ಬಿಯಲ್ಲಿ ಎರಡೂ ಇರುವಾಗ ಎರಡಕ್ಕೂ ಅದೇ ಹೆಸರಿಟ್ಟದ್ದು ತಪ್ಪು.

ಅಪಾಯ ಎಲ್ಲಿದೆ ಅನ್ನುವುದನ್ನು ಬಿಡಿಸಿ ಹೇಳಿದರೆ ಪದ ಆರಿಸುವುದು ಸುಲಭ. ಸೂರ್ಯನನ್ನು ನೋಡುವಾಗ ಫಿಲ್ಟರು ಕೊಳವೆಯ ಮುಂಬಾಯಿಗೆ, ಪೂರ್ತಿ ಮುಚ್ಚುವ ಹಾಗೆ ಕೂರಬೇಕು. ಕಣ್ಣಿನಿಂದ ನೋಡಲು ಬಳಸುವ ಫಿಲ್ಟರ್ ಹಾಳೆಯ ಸಾಂದ್ರತೆ 5, ಅಂದರೆ ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬರುತ್ತದೆ. 3.8 ಸಾಂದ್ರತೆಯ ಹಾಳೆಯೂ ಮಾರಾಟಕ್ಕಿದೆ. ಅದು ಫೋಟೋ ತೆಗೆಯಲಿಕ್ಕೆ, ಕಣ್ಣಿಟ್ಟು ನೋಡಲಿಕ್ಕಲ್ಲ. ಪಟ್ಟಿಯಲ್ಲಿ ಸಂಖ್ಯೆ ನಮೂದಿಸದೆ ‘ಸೌರ ಹಾಳೆ’ ಎಂದಷ್ಟೇ ಬರೆದರೆ ಯಾವುದು ಬೇಕಾದರೂ ಬಂದೀತು.

ಫೈಂಡರ್ ಕಥೆ ಬೇರೆ. 6×30 ಅಳತೆಯದ್ದಾದರೆ ಅದೂ ಒಂದು ಪುಟ್ಟ ದೂರದರ್ಶಕವೇ. ಮುಚ್ಚದೆ ಬಿಟ್ಟರೆ ಒಳಗಿನ ಅಡ್ಡಗೆರೆಯ ಎಳೆಯನ್ನು ಸುಡುವಷ್ಟು ಬಿಸಿಲು ಕೂಡಿಸುತ್ತದೆ, ಕಣ್ಣಿಟ್ಟರೆ ಕಣ್ಣನ್ನೂ. ಕೆಂಪು ಚುಕ್ಕೆಯ ಫೈಂಡರ್ ಏನನ್ನೂ ಹಿಗ್ಗಿಸುವುದಿಲ್ಲ, ನಿಜ. ಆದರೆ ಅದರಲ್ಲಿ ಗುರಿ ಹಿಡಿಯಬೇಕಾದರೆ ಬರಿಗಣ್ಣಿನಲ್ಲಿ ಸೂರ್ಯನನ್ನೇ ದಿಟ್ಟಿಸಬೇಕು. ಎರಡನ್ನೂ ಬಿಚ್ಚಿಡುವುದೇ ಸರಿ. ಗುರಿ ಹಿಡಿಯಲು ನೆರಳು ಸಾಕು: ನೆಲದ ಮೇಲೆ ಕೊಳವೆಯ ನೆರಳು ಅತಿ ಚಿಕ್ಕದಾಗುವವರೆಗೆ ತಿರುಗಿಸುತ್ತ ಹೋದರೆ ಸೂರ್ಯ ತಾನಾಗಿ ಸಿಗುತ್ತಾನೆ.

ಒಂದನ್ನು ತೆಗೆಯಬೇಕು, ಇನ್ನೊಂದನ್ನು ಹಾಕಬೇಕು. ‘ಶೋಧಕ’ ಎಂದರೆ ಇವು ಅದಲುಬದಲಾಗುತ್ತವೆ. ಇದೇನು ವ್ಯಾಕರಣದ ಜಗಳವಲ್ಲ.

ಇಂಗ್ಲಿಷ್ ಪದಗಳನ್ನೇ ಉಳಿಸಿಕೊಂಡರಾಯಿತು ಅನ್ನಬಹುದು. ಆದರೆ ಮೈದಾನದ ಆ ತುದಿಯಿಂದ ಮೇಷ್ಟ್ರು “ಫೈಂಡರ್ ತೆಗೀರೋ” ಎಂದು ಕೂಗಿದರೆ “ಫಿಲ್ಟರ್ ತೆಗೀರೋ” ಎಂದು ಕೇಳಿಸುವುದು ಕಷ್ಟವೇನಲ್ಲ. ಮೊದಲಕ್ಷರ, ಕೊನೆಯಕ್ಷರ ಎರಡೂ ಒಂದೇ. ನನ್ನ ಸೂಚನೆ: ಫೈಂಡರಿಗೆ ‘ಗುರಿದರ್ಶಕ’, ಫಿಲ್ಟರಿಗೆ ‘ಫಿಲ್ಟರ್’. ನೀರಿನ ಫಿಲ್ಟರು, ಕಾಫಿ ಫಿಲ್ಟರು ಇಲ್ಲದ ಮನೆ ಅಪರೂಪ, ಅದನ್ನು ಕನ್ನಡಿಸಿ ಸಾಧಿಸುವುದೇನೂ ಇಲ್ಲ. ‘ಶೋಧಕ’ ಎರಡೂ ಹಾಳೆಗಳಿಂದ ಹೊರಗೆ ಹೋಗಲಿ.

ಇನ್ನೊಂದು ಮಾತು. ಅಗ್ಗದ ಸೆಟ್ಟುಗಳಲ್ಲಿ ಐಪೀಸಿನ ಬುಡಕ್ಕೆ ತಿರುಪುವ, ‘ಸನ್’ ಎಂದು ಅಚ್ಚಾದ ಕಪ್ಪು ಗಾಜಿನ ಬಿಲ್ಲೆ ಬರುವುದುಂಟು. ಅದು ಕೂರುವುದು ಬೆಳಕೆಲ್ಲ ಒಂದೆಡೆ ಸೇರುವ ಜಾಗದ ಹತ್ತಿರ. ಕಾದು ಫಟ್ಟನೆ ಸೀಳುತ್ತದೆ, ಆಗ ಕಣ್ಣು ಅಲ್ಲೇ ಇರುತ್ತದೆ. ಅದನ್ನು ಒಡೆದು ಕಸಕ್ಕೆ ಹಾಕಿ, ಯಾರಿಗೂ ದಾನ ಮಾಡಬೇಡಿ.

* * *

ಐಪೀಸಿಗೆ ಶಾಲಾಪುಸ್ತಕದ ‘ನೇತ್ರ ಮಸೂರ’ ಖರೀದಿ ಪಟ್ಟಿಗೆ ಬೇಡ. ಮಸೂರ ಪದವೇನೋ ಚಂದದ್ದು: ಲ್ಯಾಟಿನ್ನಿನಲ್ಲಿ ‘ಲೆನ್ಸ್’ ಅಂದರೂ ಸಂಸ್ಕೃತದಲ್ಲಿ ‘ಮಸೂರ’ ಅಂದರೂ ನಮ್ಮ ಅಡುಗೆಮನೆಯ ಆ ಚಪ್ಪಟೆ ಬೇಳೆಯೇ. ಆದರೆ ಐಪೀಸು ಒಂದು ಕಾಳಲ್ಲ. ಹೈಗೆನ್ಸ್ ಮಾದರಿಯಲ್ಲಿ ಎರಡು ಮಸೂರ, ಪ್ಲಾಸಲ್ ಮಾದರಿಯಲ್ಲಿ ಜೋಡಿ ಜೋಡಿಯಾಗಿ ನಾಲ್ಕು. ವಿಜ್ಞಾನ ಬರಹದ ‘ನೇತ್ರಕ’ ಮೇಲು. ಅದರ ಜೋಡಿ ‘ವಸ್ತುಕ’ವೂ (ಬೆಳಕು ಕೂಡಿಸುವ ಮುಖ್ಯ ಮಸೂರ ಅಥವಾ ಕನ್ನಡಿ) ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಿಮ್ಮ ದೂರದರ್ಶಕದ ಮುಂದೆ ಮಸೂರವೇ ಇಲ್ಲ, ತಳದಲ್ಲಿ ಕನ್ನಡಿ ಇದೆ. ಅದನ್ನು ‘ವಸ್ತು ಮಸೂರ’ ಎನ್ನಲಾಗದು.

ಪಟ್ಟಿಯಲ್ಲಿ “ನೇತ್ರಕ, 10 ಮಿ.ಮೀ.” ಎಂದಷ್ಟೇ ಬರೆದರೆ ಅರ್ಧ ಬರೆದ ಹಾಗೆ. 10 ಅನ್ನುವುದು ಸಂಗಮದೂರ. ಕೊಳವೆಗೆ ಕೂರುವ ಕತ್ತಿನ ಅಳತೆ ಬೇರೆ, ಮತ್ತು ಅದು ಮೂರು ಬಗೆ: 24.5 ಮಿ.ಮೀ. (0.965 ಇಂಚು), 31.7 ಮಿ.ಮೀ. (ಒಂದೂಕಾಲು ಇಂಚು), 50.8 ಮಿ.ಮೀ. (ಎರಡು ಇಂಚು). ಮೊದಲನೆಯದು ಹಳೆಯ ಮತ್ತು ಅಗ್ಗದ ಮಾದರಿಗಳದ್ದು, ಅದಕ್ಕೆ ಒಳ್ಳೆಯ ನೇತ್ರಕ ಹುಡುಕುವುದು ವ್ಯರ್ಥ ಶ್ರಮ. ನಿಮ್ಮ ಮಾದರಿಗೆ ಬೇಕಾದದ್ದು ಒಂದೂಕಾಲು ಇಂಚಿನದು. ಚಂದ್ರನ ಪ್ರಖರತೆ ತಗ್ಗಿಸುವ ಫಿಲ್ಟರ್ ಕೊಂಡರೆ ಅದರ ತಿರುಪಿನ ಅಳತೆಯೂ ಈ ಕತ್ತಿಗೆ ಹೊಂದಬೇಕು, 28.5 ಮಿ.ಮೀ.

‘ಪವರ್’ ಎಂಬ ಪದವನ್ನು ಪಟ್ಟಿಯಿಂದ ದೂರವಿಡಿ. ಕನ್ನಡಕದ ಅಂಗಡಿಯಲ್ಲಿ ಪವರ್ ಎಂದರೆ ಡಯಾಪ್ಟರ್, ದೂರದರ್ಶಕದ ಡಬ್ಬಿಯ ಮೇಲೆ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನುವ ಲೆಕ್ಕ. ‘ವರ್ಧನೆ’ ಇದೆಯಲ್ಲ, ಅಥವಾ ಸರಳವಾಗಿ ‘ಪಟ್ಟು’. ವಸ್ತುಕದ ಸಂಗಮದೂರವನ್ನು ನೇತ್ರಕದ ಸಂಗಮದೂರದಿಂದ ಭಾಗಿಸಬೇಕು: 650ನ್ನು 25ರಿಂದ ಭಾಗಿಸಿದರೆ 26 ಪಟ್ಟು, 10ರಿಂದ ಭಾಗಿಸಿದರೆ 65 ಪಟ್ಟು. ಡಬ್ಬಿಗಳ ಮೇಲಿನ ‘525 ಪವರ್’ ಎಲ್ಲಿಂದ ಬಂತು ಅಂದರೆ, 60 ಮಿ.ಮೀ. ಮಸೂರ, 700 ಮಿ.ಮೀ. ಸಂಗಮದೂರದ ಕೊಳವೆಗೆ 4 ಮಿ.ಮೀ. ನೇತ್ರಕ ಹಾಕಿ (175 ಪಟ್ಟು), ಅದರ ಜೊತೆ 3 ಪಟ್ಟಿನ ಬಾರ್ಲೋ (ಕೊಳವೆಗೂ ನೇತ್ರಕಕ್ಕೂ ನಡುವೆ ಕೂರಿಸುವ, ವರ್ಧನೆ ಹೆಚ್ಚಿಸುವ ಮಸೂರ) ಸೇರಿಸಿದ ಗುಣಾಕಾರ. ಲೆಕ್ಕ ಸರಿ, ನೋಟ ಶೂನ್ಯ. ವಸ್ತುಕದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು ಎಂಬುದು ವಾಡಿಕೆಯ ಗಡಿ, 60ಕ್ಕೆ 120. ಅದನ್ನು ಮೀರಿದರೆ ಗುರುಗ್ರಹ ಮಂಜಿನೊಳಗಿನ ಬಲ್ಬಿನ ಹಾಗೆ ಮಸುಕಾಗುತ್ತದೆ.

ಸೆಟ್ಟಿನ ಜೊತೆ 25 ಮತ್ತು 10 ಮಿ.ಮೀ. ಬರುವುದಾದರೆ ಮೊದಲು ಸೇರಿಸಬೇಕಾದ್ದು 6 ಮಿ.ಮೀ. ಒಂದು, ಸುಮಾರು 108 ಪಟ್ಟು, ಶನಿಯ ಬಳೆಗೂ ಗುರುವಿನ ಪಟ್ಟೆಗಳಿಗೂ ಸಾಕು. ಇದನ್ನು ಪ್ಲಾಸಲ್ ಮಾದರಿಯಲ್ಲಿ ಕೊಂಡರೆ ಕಣ್ಣನ್ನು ಗಾಜಿಗೆ ನಾಲ್ಕೈದು ಮಿಲಿಮೀಟರಿನಷ್ಟು ಹತ್ತಿರ ಒಡ್ಡಬೇಕಾಗುತ್ತದೆ, ಕನ್ನಡಕದವರಿಗೆ ಆಗದ ಮಾತು. ಅದಕ್ಕೆ “ಕಣ್ಣಂತರ 15 ಮಿ.ಮೀ. ಅಥವಾ ಹೆಚ್ಚು” ಎಂದು ಸೇರಿಸಿ. ‘ಕಣ್ಣಂತರ’ ನಾನೇ ಕಟ್ಟಿದ ಪದ, ಅಂಗಡಿಗೆ ಬರೆಯುವಾಗ ಪಕ್ಕದಲ್ಲಿ ಐ ರಿಲೀಫ್ ಎಂದೂ ಬರೆಯಿರಿ. ಬಾರ್ಲೋ ಕೊಂಡರೆ 2 ಪಟ್ಟಿನದು. ಅದು 25ನ್ನು 12.5ರ ಹಾಗೆ, 10ನ್ನು 5ರ ಹಾಗೆ ವರ್ತಿಸುವಂತೆ ಮಾಡುತ್ತದೆ. 20 ಮತ್ತು 10ರ ಜೋಡಿ ಇದ್ದವರು ಬಾರ್ಲೋ ಕೊಂಡರೆ 20 ಇದ್ದದ್ದು ಇನ್ನೊಂದು 10 ಆಗುತ್ತದೆ, ದುಡ್ಡು ದಂಡ.

* * *

ಅಪರ್ಚರಿಗೆ ‘ದ್ಯುತಿರಂಧ್ರ’ ಪಠ್ಯದಲ್ಲಿದೆ. ಕೇಳಿದ ಮಗು ಮೊದಲು ಎಲೆಯ ಪತ್ರರಂಧ್ರ ನೆನೆಯುತ್ತದೆ. ‘ಬಾಯಗಲ’ ಅಂದರೆ ಹೇಗೆ? ಪಾತ್ರೆಗೆ, ಬಾವಿಗೆ ಬಳಸುವ ಪದವೇ.

* * *

ಬಾಯಗಲ ಕೇಳಲು ಸೊಗಸು, ಆದರೆ ಇಲ್ಲೇ ಮೋಸ ಹೋಗುವುದು. ನ್ಯೂಟನ್ ಮಾದರಿಯಲ್ಲಿ ಕೊಳವೆಯ ಬಾಯಿ ಕನ್ನಡಿಗಿಂತ ದೊಡ್ಡದಿರುತ್ತದೆ, ಅಂಚಿನ ಬೆಳಕು ತುಂಡಾಗದಿರಲಿ ಎಂದು. ಬಾಯಗಲ 130 ಎಂದು ಬರೆದು ಅದೇ ಅಳತೆಗೆ ಸೌರ ಫಿಲ್ಟರ್ ತರಿಸಿದರೆ ಅದು ಕೊಳವೆಗೆ ಕೂರುವುದೇ ಇಲ್ಲ. ಕೂರುವಂತೆ ಒತ್ತಿ ಅಂಟಿಸಿದರೆ ಗಾಳಿ ಬೀಸಿದಾಗ ಹಾರಿಹೋಗುತ್ತದೆ. ಫಿಲ್ಟರಿಗೆ ಬೇಕಾದದ್ದು ಕೊಳವೆಯ ಹೊರವ್ಯಾಸ. ದಾರವನ್ನು ಕೊಳವೆಗೆ ಒಂದು ಸುತ್ತು ಸುತ್ತಿ, ಉದ್ದ ಅಳೆದು 3.14ರಿಂದ ಭಾಗಿಸಿ, ಸುತ್ತಳತೆ 50.2 ಸೆಂ.ಮೀ. ಬಂದರೆ ವ್ಯಾಸ 16 ಸೆಂ.ಮೀ. ಚಿಲ್ಲರೆ ಹಾಳೆ ತಂದು ರಟ್ಟಿನ ಬಳೆ ಮಾಡಿಕೊಳ್ಳುವುದಾದರೂ ಇದೇ ಅಳತೆ. ಹಾಳೆಯನ್ನು ಬಿಗಿಯಾಗಿ ಎಳೆಯಬೇಡಿ, ಸುಕ್ಕಿದ್ದರೆ ನೋಟ ಕೆಡುವುದಿಲ್ಲ. ಪ್ರತಿ ಸಲ ಹಾಕುವ ಮುನ್ನ ಬೆಳಕಿಗೆ ಹಿಡಿದು ಸೂಜಿರಂಧ್ರ ನೋಡಿ, ಹಾಕಿದ ಮೇಲೆ ಮೂರು ಕಡೆ ಅಂಟುಪಟ್ಟಿ ಹಚ್ಚಿ.

ಪಟ್ಟಿಗೆ ‘ಕನ್ನಡಿಯ ವ್ಯಾಸ’ ಮತ್ತು ‘ಕೊಳವೆಯ ಹೊರವ್ಯಾಸ’ ಎಂದು ಎರಡು ಸಾಲು ಬರೆಯಿರಿ. ಅಪರ್ಚರಿಗೆ ಒಂದೇ ಪದ ಹುಡುಕುವ ಹಟ ಇಲ್ಲಿ ಬೇಕಿಲ್ಲ.

ಸ್ಟ್ಯಾಂಡಿನ ಬಗ್ಗೆಯೂ ಒಂದು ಸಾಲು, ಯಾರೂ ಕೇಳಿಲ್ಲವಾದರೂ. ಟ್ರೈಪಾಡ್ ‘ಮುಕ್ಕಾಲಿ’, ಅದರ ಮೇಲೆ ತಿರುಗುವ ಭಾಗ ‘ಪೀಠ’. ಯಂತ್ರಾನುವಾದಗಳು ಅದನ್ನು ‘ಆರೋಹಣ’ ಎನ್ನುತ್ತವೆ, ಬೆಟ್ಟ ಹತ್ತುವ ಸಾಮಾನು ಬಂದೀತು! ಈಕ್ವಟೋರಿಯಲ್ ಪೀಠದ ಅಕ್ಷವನ್ನು ಊರಿನ ಅಕ್ಷಾಂಶದಷ್ಟು ಎತ್ತರಿಸಬೇಕು: ಬೆಂಗಳೂರಿಗೆ 13 ಡಿಗ್ರಿ, ಬೀದರಿಗೆ 18ರ ಹತ್ತಿರ. ಯುರೋಪು, ಅಮೆರಿಕಗಳ ಅಕ್ಷಾಂಶ ಮನಸ್ಸಿನಲ್ಲಿಟ್ಟು ಮಾಡಿದ ಕೆಲವು ಪೀಠಗಳು ಇಷ್ಟು ಕೆಳಗೆ ಬಾಗುವುದಿಲ್ಲ. ಬಾಗಿದರೂ ಎದುರುತೂಕದ ಸರಳು ಉತ್ತರದ ಕಾಲಿಗೆ ತಾಗುತ್ತದೆ. ಮುಕ್ಕಾಲಿಯ ಎರಡು ಕಾಲುಗಳ ನಡುವಿನ ಸಂದು ಉತ್ತರಕ್ಕೆ ಬರುವಂತೆ ನಿಲ್ಲಿಸಿದರೆ ಜಾಗ ಸಿಗುತ್ತದೆ. ಕೊಳ್ಳುವ ಮೊದಲೇ “ಅಕ್ಷಾಂಶದ ಕನಿಷ್ಠ ಮಿತಿ ಎಷ್ಟು?” ಎಂದು ಕೇಳಿ, 20 ಎಂದರೆ ಬಿಡಿ. ಶಾಲೆಗೆ ಇಷ್ಟೆಲ್ಲ ಯಾಕೆ, ನೆಲದ ಮೇಲೆ ಗಾಣದ ಹಾಗೆ ತಿರುಗುವ ಡಾಬ್ಸನ್ ಪೀಠವೇ ವಾಸಿ ಎಂಬುದು ನನ್ನ ಅಭಿಪ್ರಾಯ. ಧ್ರುವನಕ್ಷತ್ರ ಹುಡುಕುವ ಗೋಜಿಲ್ಲ. ಅದು ನಮ್ಮಲ್ಲಿ ಹೇಗೂ ಮರ, ಕಟ್ಟಡಗಳ ಹಿಂದೆ ಅಡಗಿರುತ್ತದೆ.

* * *

ಕಾಲಿಮೇಷನ್ ಬಗ್ಗೆ. ಈ ಪದ ಹುಟ್ಟಿದ್ದೇ ತಪ್ಪು ಓದಿನಿಂದ. ಲ್ಯಾಟಿನ್ನಿನ ‘ಕಾಲಿನಿಯಾರೆ’, ಅಂದರೆ ಒಂದೇ ಗೆರೆಗೆ ತರುವುದು, ಹಸ್ತಪ್ರತಿಯಲ್ಲಿ ‘ಕಾಲಿಮಾರೆ’ ಎಂದು ಓದಿಸಿಕೊಂಡು ಹಾಗೇ ಉಳಿದುಬಿಟ್ಟಿತು. ನಾವು ಮೂಲಕ್ಕೇ ಹೋಗಿ ‘ಗೆರೆಗೂಡಿಸು’ ಎನ್ನಬಹುದು. ‘ಸಮಾಂತರೀಕರಣ’ ಬೇಡ, ಇಲ್ಲಿ ಯಾವುದನ್ನೂ ಸಮಾಂತರ ಮಾಡುತ್ತಿಲ್ಲ, ಎರಡು ಕನ್ನಡಿ ಮತ್ತು ನೇತ್ರಕದ ನಡುಬಿಂದುಗಳನ್ನು ಒಂದೇ ದಾರಿಗೆ ತರುತ್ತಿದ್ದೇವೆ.

ಸೂಚನೆಯ ಹಾಳೆಗೆ ಇಷ್ಟು ಸಾಕು: ಕೊಳವೆಯನ್ನು ಅಡ್ಡಲಾಗಿ ಮಲಗಿಸಿ (ನಿಲ್ಲಿಸಿದ್ದರೆ ಕೈಜಾರಿದ ಅಲೆನ್ ಕೀ ನೇರ ದೊಡ್ಡ ಕನ್ನಡಿಯ ಮೇಲೆ ಬೀಳುತ್ತದೆ). ನೇತ್ರಕದ ಜಾಗದಲ್ಲಿ ನಡುತೂತಿನ ಮುಚ್ಚಳ ಹಾಕಿ ಇಣುಕಿ. ಮೊದಲು ಓರೆಗನ್ನಡಿಯ (ಮುಂಬಾಯಿಯ ಬಳಿ ಓರೆಯಾಗಿ ಕೂರುವ ಸಣ್ಣ ಕನ್ನಡಿ) ಮೂರು ತಿರುಪುಗಳಿಂದ ದೊಡ್ಡ ಕನ್ನಡಿ ಪೂರ್ತಿ ಕಾಣುವಂತೆ, ಅದರ ನಡುವಿನ ಬಳೆಗುರುತು ತೂತಿನ ನೇರಕ್ಕೆ ಬರುವಂತೆ ಮಾಡಿ. ಆಮೇಲೆ ಹಿಂಬದಿಯ ಬಿಗಿತಿರುಪುಗಳನ್ನು ಸಡಿಲಿಸಿ, ದೊಡ್ಡ ಕನ್ನಡಿಯ ತಿರುಪುಗಳನ್ನು ಕಾಲು ಸುತ್ತಿನಂತೆ ತಿರುಗಿಸುತ್ತ, ನಿಮ್ಮ ತೂತಿನ ಪ್ರತಿಬಿಂಬ ಬಳೆಯೊಳಗೆ ಕೂರುವವರೆಗೆ ಸರಿಪಡಿಸಿ. ಕ್ರಮ ತಿರುಗುಮುರುಗಾದರೆ ಮೊದಲು ಮಾಡಿದ್ದು ಮತ್ತೆ ಕೆಡುತ್ತದೆ. ಗೆರೆಗೂಡಿಸಲು ಲೇಸರ್ ಕೊಳ್ಳುವುದಾದರೆ ಅದನ್ನು ಕತ್ತಿನಲ್ಲೇ ತಿರುಗಿಸಿ ನೋಡಿ. ಚುಕ್ಕೆ ಒಂದೇ ಕಡೆ ನಿಲ್ಲದೆ ವೃತ್ತ ಬರೆದರೆ ಲೇಸರೇ ಓರೆಯಾಗಿದೆ, ಕನ್ನಡಿಯ ತಪ್ಪಲ್ಲ.

* * *

ಎಲ್ಲರಿಗೂ ಧನ್ಯವಾದ. ವಾಕ್ಯ ಈಗ ಹೀಗಾಗಿದೆ:

“ಕೊಳವೆಯ ಮುಂಬಾಯಿಗೆ ಸೌರ ಫಿಲ್ಟರ್ ಹಾಕಿ, ಮೂರು ಕಡೆ ಅಂಟಿಸಿ. ಗುರಿದರ್ಶಕವನ್ನು ಬಿಚ್ಚಿ ಡಬ್ಬಿಯಲ್ಲಿಡಿ. ಇವೆರಡೂ ಆದ ಮೇಲೆ ಮಾತ್ರ, ನೆರಳು ನೋಡಿಕೊಂಡು, ಸೂರ್ಯನತ್ತ ತಿರುಗಿಸಿ.”

ಡಾಬ್ಸನ್ ವಿಚಾರ ಶಾಲೆಯವರ ಮುಂದಿಟ್ಟಿದ್ದೇನೆ. ಒಂದು ಅನುಮಾನ ಉಳಿದಿದೆ: ಮುಂಬಾಯಿಯ ದೊಡ್ಡ ಮುಚ್ಚಳದಲ್ಲೇ ಇನ್ನೊಂದು ಸಣ್ಣ ಮುಚ್ಚಳ ಇರುತ್ತದಲ್ಲ, ಅದನ್ನು ಏನೆನ್ನುವುದು?

* * *

‘ಕಿರುಮುಚ್ಚಳ’ ಅನ್ನಿ. ಜೊತೆಗೆ “ರಾತ್ರಿ ನೋಡುವಾಗ ದೊಡ್ಡ ಮುಚ್ಚಳವನ್ನೇ ತೆಗೆಯಿರಿ” ಎಂದು ಬರೆಯಿರಿ. ಕಿರುಮುಚ್ಚಳವನ್ನಷ್ಟೇ ತೆಗೆದು, ಏನೂ ಕಾಣುತ್ತಿಲ್ಲ ಎಂದು ಉಪಕರಣವನ್ನೇ ಅಂಗಡಿಗೆ ವಾಪಸು ಕಳಿಸುವವರಿದ್ದಾರೆ. ಸೂರ್ಯನಿಗಾದರೆ ಕಿರುಮುಚ್ಚಳ ತೆಗೆದರೂ ಫಿಲ್ಟರ್ ಬೇಕೇ ಬೇಕು. ಅದು ಬೆಳಕು ಕಡಿಮೆ ಮಾಡುತ್ತದೆ, ಕಣ್ಣು ಕಾಯುವಷ್ಟಲ್ಲ.