ನಗುತ್ತಾರೆ, ಚೆನ್ನಾಗಿ ಉಣ್ಣುತ್ತಾರೆ: ಆದರೂ ಖಿನ್ನತೆ ಇರಬಹುದೇ?

ಪ್ರಶ್ನೆ (ವೈದ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಮಂಡ್ಯ ಜಿಲ್ಲೆ)

ಸುಸ್ತು, ಮೈಭಾರ ಎಂದು ಮತ್ತೆ ಮತ್ತೆ ಬರುವ ಕೆಲವು ಯುವತಿಯರ ವಿಷಯದಲ್ಲಿ ನನಗೆ ಗೊಂದಲವಿದೆ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಎಲ್ಲವೂ ಸರಿಯಿದ್ದರೂ ಹಗಲೆಲ್ಲ ಮಲಗುತ್ತಾರೆ, ತೂಕ ಏರುತ್ತಿದೆ. ತವರಿನವರು ಬಂದರೆ ಮಾತ್ರ ನಗುತ್ತಾ ಓಡಾಡುವುದರಿಂದ ಮನೆಯವರು ಇದನ್ನು ಸೋಮಾರಿತನವೆಂದು ತೀರ್ಮಾನಿಸಿರುತ್ತಾರೆ. ನಿದ್ರೆ ಬಾರದ, ಊಟ ಸೇರದ ಖಿನ್ನತೆಯನ್ನು ಗುರುತಿಸುವುದು ನಮಗೆ ರೂಢಿ. ಅಟಿಪಿಕಲ್ ಡಿಪ್ರೆಶನ್ (ನಿದ್ರೆ, ಹಸಿವು ಕಡಿಮೆಯಾಗುವ ಬದಲು ಹೆಚ್ಚಾಗುವ ಬಗೆಯ ಖಿನ್ನತೆ) ಇರಬಹುದೆಂದು ಒಪಿಡಿಯ ಗದ್ದಲದಲ್ಲಿ ಅನುಮಾನಿಸುವುದು ಹೇಗೆ?

ಉತ್ತರ 1 (ಮನೋವೈದ್ಯ, ಮೈಸೂರು)

ಮೇಡಂ, ಆ ನಗುವೇ ನಿಮ್ಮನ್ನು ದಾರಿ ತಪ್ಪಿಸುತ್ತಿದೆ. ಒಳ್ಳೆಯದೇನಾದರೂ ನಡೆದಾಗ ಮನಸ್ಸು ಸ್ವಲ್ಪ ಹೊತ್ತು ಅರಳುವುದು ಈ ಬಗೆಯ ಖಿನ್ನತೆಗೆ ವಿರುದ್ಧವಾದ ಸಾಕ್ಷ್ಯವಲ್ಲ. ಮಾನಸಿಕ ಕಾಯಿಲೆಗಳ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂ-5ರ ಪ್ರಕಾರ ಅದು ಇರಲೇಬೇಕಾದ ಲಕ್ಷಣ. ಅದರೊಂದಿಗೆ ನಾಲ್ಕರಲ್ಲಿ ಎರಡಾದರೂ ಇರಬೇಕು: ಹಸಿವು ಅಥವಾ ತೂಕದ ಹೆಚ್ಚಳ, ದಿನಕ್ಕೆ ಒಟ್ಟು 10 ಗಂಟೆಯಷ್ಟೋ ಅದಕ್ಕಿಂತ ಹೆಚ್ಚೋ ನಿದ್ರೆ, ಸೀಸ ತುಂಬಿದಂತೆ ಕೈಕಾಲು ಭಾರವಾಗುವುದು, ಮತ್ತು ಯಾರಾದರೂ ಕಡೆಗಣಿಸಿದರೆಂಬ ಭಾವನೆಗೆ ವಿಪರೀತ ನೊಂದುಕೊಳ್ಳುವ, ಬಹುಕಾಲದಿಂದಲೇ ಇರುವ ಸ್ವಭಾವ. ಖಿನ್ನತೆಯ ಮೂಲ ಲಕ್ಷಣಗಳು ಇರಬೇಕೆಂಬುದನ್ನು ಮರೆಯಬಾರದು. ಬರೀ ತೂಕ, ಬರೀ ನಿದ್ರೆಯಿಂದ ರೋಗನಿರ್ಣಯವಾಗದು.

ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಾದ ಪಿಎಚ್‌ಕ್ಯೂ-9 ಬಳಸುವವರು ಒಂದು ಸಂಗತಿ ಗಮನಿಸಬೇಕು. ನಿದ್ರೆ ಬಾರದಿರುವುದನ್ನೂ ಅತಿಯಾಗಿ ಬರುವುದನ್ನೂ ಅದು ಒಂದೇ ಪ್ರಶ್ನೆಯಲ್ಲಿ ಕೇಳುತ್ತದೆ, ಹಸಿವಿನ ವಿಷಯದಲ್ಲೂ ಹಾಗೆಯೇ. ಆದ್ದರಿಂದ ಅಂಕ ನೋಡಿ ಸುಮ್ಮನಾಗದೆ, ‘ಕಡಿಮೆಯೋ, ಜಾಸ್ತಿಯೋ’ ಎಂದು ಬಾಯಿಬಿಟ್ಟು ಕೇಳಿ. ಈ ಒಂದು ಮಾತಿಗೆ ಅರ್ಧ ನಿಮಿಷವೂ ಬೇಡ.

ಉತ್ತರ 2 (ಕುಟುಂಬ ವೈದ್ಯೆ, ಮೈಸೂರು)

ಗೊರಕೆ ಹೊಡೆದು ಹಗಲು ತೂಕಡಿಸುವವರಲ್ಲಿ ನಿದ್ರೆಯ ಉಸಿರುಕಟ್ಟುವಿಕೆಯನ್ನೂ, ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯನ್ನೂ ನೋಡಿ. ಮೈನೋವಿಗೆಂದು ನಾವು ಧಾರಾಳವಾಗಿ ಬರೆಯುವ ಅಮಿಟ್ರಿಪ್ಟಿಲಿನ್ ಮಾತ್ರೆ, ನೀವು ಹೇಳಿದ ಇಂಥ ಯುವತಿಯರಿಗೆ ನಿದ್ರೆಯನ್ನೂ ತೂಕವನ್ನೂ ಇನ್ನಷ್ಟು ಹೆಚ್ಚಿಸಬಹುದು ಎಂಬುದು ನನ್ನ ಮುಖ್ಯ ಆಕ್ಷೇಪ.

ಪ್ರಶ್ನೆ ಕೇಳಿದವರು

ಹಾಗಾದರೆ ಸರ್, ಖಿನ್ನತೆಯ ಮಾತ್ರೆಗಳಾದ ಫ್ಲುವೊಕ್ಸೆಟಿನ್ ಅಥವಾ ಸರ್ಟ್ರಾಲಿನ್ ಅನ್ನು ನಾನೇ ಆರಂಭಿಸಬಹುದೇ?

ಉತ್ತರ 1ರವರ ಮರುಉತ್ತರ

ಆರಂಭಿಸಬಹುದು, ಆದರೆ ಅದಕ್ಕೆ ಮೊದಲು ಬೈಪೋಲಾರ್ ಕಾಯಿಲೆಯ (ಖಿನ್ನತೆಯ ಜೊತೆಗೆ ಅತಿ ಹುರುಪಿನ ಅವಧಿಗಳೂ ಬರುವ ಕಾಯಿಲೆ) ಸುಳಿವು ಹುಡುಕಿ, ಏಕೆಂದರೆ ಈ ಲಕ್ಷಣಗಳು ಅದರಲ್ಲಿಯೂ ಸಾಕಷ್ಟು ಕಾಣುತ್ತವೆ. ನಿದ್ರೆ ಕಡಿಮೆಯಾದರೂ ದಣಿವಿಲ್ಲದೆ, ಮಾತು, ಖರ್ಚು, ಹುರುಪು ಎಲ್ಲವೂ ಎಂದಿಗಿಂತ ಮಿತಿಮೀರಿದ್ದ ದಿನಗಳು ಹಿಂದೆ ಇದ್ದವೇ ಎಂದು ರೋಗಿಯನ್ನೂ ಜೊತೆಗೆ ಬಂದವರನ್ನೂ ಕೇಳಿ. ಇದ್ದರೆ ಮಾತ್ರೆ ಬರೆಯದೆ ಮನೋವೈದ್ಯರ ಬಳಿ ಕಳುಹಿಸಿ. ಸಾಯುವ ಯೋಚನೆ ಬಂದಿದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಮನೆಯವರನ್ನು ಹೊರಗೆ ಕೂರಿಸಿ ಕೇಳುವುದು ಲೇಸು. ದೂರದ ಹಳ್ಳಿಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಡಿ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.